ಆವಿ ಆರಲಿ, ಆಮೇಲೆ ಓವನ್ನಿಗೆ

ಮಗಳೇ,

ಬರುವ ಭಾನುವಾರ ಲೀಡ್ಸ್‌ನ ನಿನ್ನ ಮನೆಗೆ ಜೊತೆಯಲ್ಲಿ ಕೆಲಸ ಮಾಡುವವರು ಊಟಕ್ಕೆ ಬರುತ್ತಾರೆ, ಒಬ್ಬೊಬ್ಬರು ಒಂದೊಂದು ಅಡುಗೆ ಮಾಡಬೇಕು, ನನ್ನ ಪಾಲಿಗೆ ಆಲೂಗಡ್ಡೆ ಬಂದಿದೆ, ಓವನ್ನಿನಲ್ಲಿ ಗರಿಗರಿಯಾಗಿ ಹುರಿಯುವುದು ಹೇಗೆ ದೊಡ್ಡಮ್ಮಾ ಎಂದು ಕೇಳಿದ್ದೀಯ. ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ನಿನ್ನ ಹಾಗೆ ಬಾಡಿಗೆ ಮನೆಯಲ್ಲಿ ಮೊದಲ ಸಲ ಓವನ್ ಕಂಡವರು, ಬೆಂಗಳೂರಿನಲ್ಲಿ ಆಸೆಪಟ್ಟು ಓಟಿಜಿ ಕೊಂಡು ಅದಕ್ಕೆ ಬಟ್ಟೆ ಹೊದಿಸಿ ಇಟ್ಟವರು ಬಹಳ ಮಂದಿ ಇದ್ದಾರೆ. ಅವರಿಗೂ ಆಗಲಿ ಎಂದು ಪತ್ರಿಕೆಗೇ ಬರೆಯುತ್ತಿದ್ದೇನೆ.

ಒಂದು ಮಾತು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ಕೂಡಿಬರುತ್ತದೆ. ಆಲೂಗಡ್ಡೆ ಗರಿಯಾಗುವುದು ಅದರ ಮೈಮೇಲಿನ ನೀರು ಹೋದಾಗ. ಎಷ್ಟು ಎಣ್ಣೆ ಸುರಿದರೂ, ಎಷ್ಟು ಮಸಾಲೆ ಬಳಿದರೂ ಹೋಳಿನ ಮೈ ಒದ್ದೆ ಇದ್ದರೆ ಏನೂ ಆಗುವುದಿಲ್ಲ. ನೀರು ಕುದಿಯುವುದು 100 ಡಿಗ್ರಿಯಲ್ಲಿ. ಆ ನೀರೆಲ್ಲ ಆವಿಯಾಗಿ ಹೋಗುವ ತನಕ ಹೋಳಿನ ಮೈ ಅದಕ್ಕಿಂತ ಬಿಸಿಯೇರುವುದಿಲ್ಲ. ಹೊಂಬಣ್ಣ, ಹುರಿದ ಘಮ ಬರಲು ಸುಮಾರು 140 ಡಿಗ್ರಿ ದಾಟಬೇಕು. ಆಹಾರದಲ್ಲಿರುವ ಸಕ್ಕರೆಯೂ ಅಮೈನೋ ಆಮ್ಲಗಳೂ ಬಿಸಿಯಲ್ಲಿ ಕೂಡಿ ಆಗುವ ಈ ಬದಲಾವಣೆಯನ್ನು ಫ್ರಾನ್ಸಿನ ಲೂಯಿ ಕಮಿಲ್ ಮಯಾರ್ 1912ರಲ್ಲಿ ವಿವರಿಸಿದ. ಅಡುಗೆಯವರಿಗೆ ಅದರಿಂದ ತಿಳಿಯಬೇಕಾದದ್ದು ಇಷ್ಟೇ: ಟ್ರೇ ಓವನ್ನಿನೊಳಗೆ ಹೋಗುವ ಮೊದಲೇ ಅರ್ಧ ಕೆಲಸ ಆಗಿರಬೇಕು.

ಮೊದಲು ಗಡ್ಡೆಯ ವಿಚಾರ. ಕೆಲವು ಗಡ್ಡೆಗಳಲ್ಲಿ ಪಿಷ್ಟ ಹೆಚ್ಚು. ಬೆಂದರೆ ಹಿಟ್ಟುಹಿಟ್ಟಾಗಿ ಬಿರಿಯುತ್ತವೆ. ಇನ್ನು ಕೆಲವು ಎಷ್ಟು ಬೆಂದರೂ ಹೋಳು ಮುರಿಯದೆ ಬಿಗಿಯಾಗಿ ನಿಲ್ಲುತ್ತವೆ. ನಿನಗೆ ಬೇಕಾದದ್ದು ಹಿಟ್ಟಿನ ಗಡ್ಡೆ. ಅಲ್ಲಿನ ಅಂಗಡಿಗಳಲ್ಲಿ ಚೀಲದ ಮೇಲೆ ತಳಿಯ ಹೆಸರನ್ನೇ ಬರೆದಿರುತ್ತಾರೆ, ಅದೊಂದು ದೊಡ್ಡ ಅನುಕೂಲ. ಮ್ಯಾರಿಸ್ ಪೈಪರ್ ಎಂದಿದ್ದರೆ ಕಣ್ಣು ಮುಚ್ಚಿ ತೆಗೆದುಕೋ. ಕೇಂಬ್ರಿಜ್‌ನ ಸಸ್ಯ ತಳಿ ಸಂಸ್ಥೆಯಿಂದ 1966ರಲ್ಲಿ ಹೊರಬಂದ ಈ ತಳಿ ಇವತ್ತಿಗೂ ಆ ದೇಶದ ಭಾನುವಾರದ ಊಟದ ಆಧಾರ. ಅದಕ್ಕಿಂತ ಹಳೆಯದಾದ, ಅಲ್ಲಲ್ಲಿ ನಸುಗೆಂಪು ಮಚ್ಚೆಯಿರುವ ಕಿಂಗ್ ಎಡ್ವರ್ಡ್ 1902ರಿಂದ ಮಾರುಕಟ್ಟೆಯಲ್ಲಿದೆ, ಅದೂ ಚೆನ್ನ. ಚಾರ್ಲಟ್ ಎಂಬ ಉದ್ದನೆಯ ಪುಟ್ಟ ಗಡ್ಡೆ ನೋಡಲು ಮುದ್ದಾಗಿರುತ್ತದೆ, ಆದರೆ ಅದು ಸಲಾಡಿನದು. ಈ ಕೆಲಸಕ್ಕೆ ಬೇಡ.

ನಮ್ಮ ಕಡೆ ಓದುವವರಿಗೆ ಇಷ್ಟು ಸುಲಭವಿಲ್ಲ. ಸಂತೆಯಲ್ಲಿ ಯಾರೂ ತಳಿ ಹೇಳಿ ಮಾರುವುದಿಲ್ಲ. ಹಾಸನದ ಕಡೆ ಹೆಚ್ಚಾಗಿ ಬೆಳೆಯುವುದು 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್‌ನಿಂದ ಲಾರಿಗಳಲ್ಲಿ ಬರುತ್ತದೆ. ಮುಂಗಾರು ಹಿಡಿಯುವ ಹೊತ್ತಿಗೆ ಬಿತ್ತುತ್ತಾರೆ, ಮಳೆ ಇನ್ನೂ ಬೀಳುತ್ತಿರುವಾಗಲೇ ಕೀಳುತ್ತಾರೆ. ಅಂಗಮಾರಿ ರೋಗಕ್ಕೆ ಬೆಳೆ ಕಳೆದುಕೊಂಡು ನಮ್ಮ ಕಡೆಯ ಎಷ್ಟೋ ರೈತರು ಮುಸುಕಿನ ಜೋಳಕ್ಕೆ, ಶುಂಠಿಗೆ ಹೊರಳಿದರು. ಇನ್ನೂ ಆಲೂಗಡ್ಡೆಯನ್ನೇ ನೆಚ್ಚಿಕೊಂಡವರನ್ನು ಕಂಡರೆ ನನಗೆ ಗೌರವ. ಮಳೆಗಾಲದಲ್ಲಿ ಹೊಸದಾಗಿ ಕಿತ್ತ, ಉಗುರು ತಾಗಿದರೆ ಸಿಪ್ಪೆ ಸುಲಿಯುವ ಗಡ್ಡೆ ಹುಳಿಗೂ ಪಲ್ಯಕ್ಕೂ ಸೊಗಸು. ಹುರಿಯುವುದಕ್ಕೆ ಸಿಪ್ಪೆ ಬಲಿತ, ಒಣಗಿದ ಗಡ್ಡೆ ಆರಿಸಿಕೊಳ್ಳಬೇಕು. ಚಿಪ್ಸಿಗೆಂದೇ 1998ರಲ್ಲಿ ಬಿಡುಗಡೆ ಮಾಡಿದ ಕುಫ್ರಿ ಚಿಪ್ಸೋನಾ ಸಿಕ್ಕಿದರೆ ಬಿಡಬಾರದು. ಯಾವುದೆಂದು ತಿಳಿಯದೆ ಹೋದರೆ ಹನ್ನೊಂದು ಲೋಟ ನೀರಿಗೆ ಒಂದು ಲೋಟ ಉಪ್ಪು ಕರಗಿಸಿ ಅದರಲ್ಲಿ ಗಡ್ಡೆ ಹಾಕಿ ನೋಡಬಹುದು. ಹಿಟ್ಟಿನದು ಮುಳುಗುತ್ತದೆ, ಇನ್ನೊಂದು ತೇಲುತ್ತದೆ.

ಶೈತ್ಯಾಗಾರದಿಂದ ಬಂದ ಗಡ್ಡೆಯ ವಿಷಯದಲ್ಲಿ ಎಚ್ಚರ. ಚಳಿಯಲ್ಲಿ ತಿಂಗಳುಗಟ್ಟಲೆ ಕೂತರೆ ಪಿಷ್ಟದ ಒಂದು ಪಾಲು ಸಕ್ಕರೆಯಾಗಿಬಿಡುತ್ತದೆ. ಅಂಥದ್ದು ಹುರಿದಾಗ ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ, ನಾಲಿಗೆಗೆ ಸಿಹಿ ಹತ್ತುತ್ತದೆ. ತಂದು ಒಂದೆರಡು ವಾರ ಅಡುಗೆಮನೆಯ ಕತ್ತಲ ಮೂಲೆಯಲ್ಲಿ ಬುಟ್ಟಿಗೆ ಹಾಕಿಟ್ಟರೆ ಸಕ್ಕರೆ ಸ್ವಲ್ಪ ಇಳಿಯುತ್ತದೆ. ಹಸಿರು ತಿರುಗಿದ ಗಡ್ಡೆ ಮಾತ್ರ ಯಾವ ಅಡುಗೆಗೂ ಬೇಡ.

ಇನ್ನು ಬೇಯಿಸುವುದು. ಇಲ್ಲಿ ಆತುರಪಡಬೇಡ, ರುಚಿಯೆಲ್ಲ ಇಲ್ಲೇ ಇದೆ. ಒಂದು ಕೆಜಿ ಗಡ್ಡೆ ಸಿಪ್ಪೆ ತೆಗೆದು ದೊಡ್ಡ ದೊಡ್ಡ ಹೋಳು ಮಾಡು; ಒಂದೊಂದು ಹೋಳೂ ನಿಂಬೆಹಣ್ಣಿನ ಗಾತ್ರ ಇರಲಿ. ಸಣ್ಣಗೆ ಹೆಚ್ಚಿದರೆ ಒಳಗಿನ ಮೆತು ಉಳಿಯುವುದಿಲ್ಲ. ಎರಡು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಉಪ್ಪು, ಅರ್ಧ ಟೀ ಚಮಚ ಅಡುಗೆ ಸೋಡಾ ಹಾಕಿ ಬೇಯಲಿಡು. ಅಲ್ಲಿ ಅದನ್ನು ಬೈಕಾರ್ಬೊನೇಟ್ ಆಫ್ ಸೋಡಾ ಎಂದು ಮಾರುತ್ತಾರೆ. ಪಕ್ಕದಲ್ಲೇ ಬೇಕಿಂಗ್ ಪೌಡರ್ ಡಬ್ಬಿ ಇರುತ್ತದೆ, ಅದನ್ನು ತರಬೇಡ. ಅದರಲ್ಲಿ ಹುಳಿಯ ಅಂಶವೂ ಸೇರಿರುತ್ತದೆ.

ಸೋಡಾ ಏಕೆ ಎನ್ನುತ್ತೀಯ. ತರಕಾರಿಯ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಕ್ಷಾರ ಅದನ್ನು ಬೇಗ ಸಡಿಲಿಸುತ್ತದೆ, ಹುಳಿ ಬಿಗಿಗೊಳಿಸುತ್ತದೆ. ನಿಮ್ಮಜ್ಜಿ ಕಡಲೆಕಾಳು ಬೇಯಿಸುವಾಗ ಚಿಟಿಕೆ ಸೋಡಾ ಹಾಕುತ್ತಿದ್ದದ್ದೂ, ತರಕಾರಿ ಬೆಂದ ಮೇಲೆಯೇ ಹುಣಸೆಹಣ್ಣಿನ ರಸ ಬಿಡಬೇಕೆಂದು ಸೊಸೆಯಂದಿರಿಗೆ ಹೇಳುತ್ತಿದ್ದದ್ದೂ ಇದೇ ಕಾರಣಕ್ಕೆ. ಸೋಡಾ ನೀರಿನಲ್ಲಿ ಹೋಳಿನ ಹೊರಮೈ ಕರಗಿ ಗಂಜಿಯಾಗುತ್ತದೆ, ಒಳಗು ಇನ್ನೂ ಗಟ್ಟಿಯಾಗಿರುತ್ತದೆ. ಆ ಗಂಜಿಯೇ ನಾಳೆಯ ಗರಿ. ಅರ್ಧ ಚಮಚಕ್ಕಿಂತ ಹೆಚ್ಚು ಹಾಕಿದರೆ ಬಾಯಿಗೆ ಸೋಡಾ ವಾಸನೆ ಬಡಿಯುತ್ತದೆ, ಅಷ್ಟಕ್ಕೇ ನಿಲ್ಲಿಸು.

ಕುದಿ ಬಂದ ಮೇಲೆ ಎಂಟು ಹತ್ತು ನಿಮಿಷ ಸಾಕು. ಚಾಕುವಿನ ಮೊನೆ ಚುಚ್ಚಿದರೆ ಹೊರಗೆ ಸಲೀಸಾಗಿ ಇಳಿದು ನಡುವೆ ಸ್ವಲ್ಪ ತಡೆಯಬೇಕು. ಆಗ ನೀರು ಬಸಿದುಬಿಡು. ಬಸಿದ ಹೋಳುಗಳನ್ನು ಅದೇ ಬಿಸಿ ಪಾತ್ರೆಗೆ ಹಾಕಿ ಮುಚ್ಚಳ ತೆಗೆದಿಡು. ಮೊದಲು ದಟ್ಟವಾಗಿ ಹಬೆ ಏಳುತ್ತದೆ, ನಿಧಾನವಾಗಿ ತೆಳುವಾಗುತ್ತದೆ. ಹೊಳೆಯುತ್ತಿದ್ದ ಹೋಳುಗಳು ಮಾಸಿ, ಸುಣ್ಣ ಬಳಿದಂತೆ ಬಿಳಿಚಿಕೊಳ್ಳುತ್ತವೆ. ಆ ಬಣ್ಣ ಬರುವ ತನಕ ಕಾಯಿ. ಕಾಯುವ ಐದು ನಿಮಿಷವನ್ನು ಉಳಿಸಲು ಹೋದವರ ಟ್ರೇಯಲ್ಲಿ ಆಲೂಗಡ್ಡೆ ಹುರಿಯುವುದಿಲ್ಲ, ಎಣ್ಣೆಯಲ್ಲಿ ಬೇಯುತ್ತದೆ.

ಆಮೇಲೆ ಮುಚ್ಚಳ ಹಾಕಿ ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದು ಕುಲುಕಬೇಕು. ನಿನ್ನ ದೊಡ್ಡಪ್ಪ ಅಲ್ಲಿ ಆಸ್ಪತ್ರೆಯ ಕೆಲಸದಲ್ಲಿದ್ದ ಕಾಲಕ್ಕೆ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಇದ್ದರು. ಇದನ್ನು ಕಣ್ಣಾರೆ ತೋರಿಸಿಕೊಟ್ಟವರು ಅವರು. ಟವೆಲ್ಲಿನಿಂದ ಮುಚ್ಚಳವನ್ನೂ ಹಿಡಿಯನ್ನೂ ಸೇರಿಸಿ ಹಿಡಿದು, ನಾಲ್ಕೈದು ಸಲ ಜೋರಾಗಿ ಮೇಲೆ ಕೆಳಗೆ ಕುಲುಕಿ, ಮುಚ್ಚಳ ತೆಗೆದು ನನ್ನ ಮುಖದ ಹತ್ತಿರ ತಂದು ತೋರಿಸುತ್ತಿದ್ದರು. ಹೋಳುಗಳ ಚೂಪು ಅಂಚೆಲ್ಲ ಉದುರಿ, ಮೈತುಂಬ ಹಿಟ್ಟು ಮೆತ್ತಿಕೊಂಡು, ತರಿತರಿಯಾಗಿ ಕಾಣುತ್ತಿದ್ದವು. ಆ ಒರಟುತನ ಕಂಡಾಗಲೇ ಅವರು ತಲೆಯಾಡಿಸುತ್ತಿದ್ದದ್ದು. ನುಣ್ಣಗಿದ್ದರೆ ಮತ್ತೆ ಮುಚ್ಚಿ ಇನ್ನೆರಡು ಸಲ ಕುಲುಕುವರು. ತರಿ ಹೆಚ್ಚಾದಷ್ಟೂ ಎಣ್ಣೆ ತಾಗುವ ಜಾಗ ಹೆಚ್ಚು, ಅಷ್ಟೂ ಗರಿ.

ಎಣ್ಣೆಯ ಮಾತಿಗೆ ಬರುತ್ತೇನೆ. ಆ ದೇಶದ ಹಳೆಯ ಪದ್ಧತಿಯಲ್ಲಿ ಇದನ್ನು ದನದ ಕೊಬ್ಬಿನಲ್ಲೋ ಹೆಬ್ಬಾತಿನ ಕೊಬ್ಬಿನಲ್ಲೋ ಹುರಿಯುತ್ತಾರೆ. ಅದು ಅವರ ಊಟ, ಅವರ ರುಚಿ, ಅದರಲ್ಲಿ ತಪ್ಪೇನಿಲ್ಲ. ನೀನು ಮಾಂಸ ತಿನ್ನದವಳು, ಹೊರಗೆ ಪಬ್ಬಿನಲ್ಲಿ ಭಾನುವಾರದ ರೋಸ್ಟ್ ತರಿಸಿದಾಗ ತಟ್ಟೆಯ ಆಲೂಗಡ್ಡೆ ಯಾವುದರಲ್ಲಿ ಹುರಿದದ್ದೆಂದು ಮುಜುಗರವಿಲ್ಲದೆ ಕೇಳು. ಮನೆಯಲ್ಲಿ ಸೂರ್ಯಕಾಂತಿ ಎಣ್ಣೆಯಾಗಲಿ, ಅಲ್ಲಿ ಅಗ್ಗವಾಗಿ ಸಿಗುವ ರೇಪ್‌ಸೀಡ್ ಎಣ್ಣೆಯಾಗಲಿ ಸಾಕು. ನನ್ನನ್ನು ಕೇಳಿದರೆ ತುಪ್ಪಕ್ಕೆ ಮಿಗಿಲಾದದ್ದಿಲ್ಲ. ಹಾಲಿನ ಅಂಶ ಕಾಯಿಸಿ ತೆಗೆದಿರುವುದರಿಂದ ಬೆಣ್ಣೆಯ ಹಾಗೆ ಬೇಗ ಸೀಯುವುದಿಲ್ಲ, ಹುರಿದ ಗಡ್ಡೆಗೆ ಅದರ ಪರಿಮಳ ಹೇಳಿ ಮಾಡಿಸಿದ್ದು. ಒಂದು ಕೆಜಿಗೆ ನಾಲ್ಕೈದು ದೊಡ್ಡ ಚಮಚ ಬೇಕು. ಎಣ್ಣೆ ಅರ್ಧ, ತುಪ್ಪ ಅರ್ಧ ಮಾಡಿದರೂ ನಡೆಯುತ್ತದೆ.

ಓವನ್ 220 ಡಿಗ್ರಿಗೆ ಇಡು, ಫ್ಯಾನ್ ಇದ್ದರೆ 200. ಕಾಯಲು ಇಪ್ಪತ್ತು ನಿಮಿಷ ಕೊಡು. ದೀಪ ಆರಿತೆಂದು ಕೂಡಲೇ ಬಾಗಿಲು ತೆಗೆಯಬೇಡ. ಟ್ರೇಗೆ ಎಣ್ಣೆ ಹಾಕಿ ಅದನ್ನೂ ಒಳಗಿಟ್ಟು ಕಾಯಿಸು. ಕಾಯದ ಹೆಂಚಿನ ಮೇಲೆ ದೋಸೆ ಹುಯ್ದರೆ ಏನಾಗುತ್ತದೆಂದು ನಿನಗೆ ಗೊತ್ತಲ್ಲ, ಇಲ್ಲಿಯೂ ಅದೇ. ಹೋಳು ಬಿದ್ದ ಕೂಡಲೇ ಚುರ್ ಎನ್ನಬೇಕು. ಹಾಕುವಾಗ ಮುಖ ದೂರವಿರಲಿ, ಇಕ್ಕಳದಲ್ಲಿ ಒಂದೊಂದೇ ಇಟ್ಟು ಎಲ್ಲ ಕಡೆಗೂ ಎಣ್ಣೆ ತಾಗುವಂತೆ ಒಮ್ಮೆ ಹೊರಳಿಸು. ಹೋಳಿಗೂ ಹೋಳಿಗೂ ನಡುವೆ ಒಂದು ಬೆರಳು ಜಾಗ ಬಿಡು. ಒತ್ತೊತ್ತಾಗಿ ತುಂಬಿದರೆ ಒಂದರ ಹಬೆ ಇನ್ನೊಂದಕ್ಕೆ ತಾಗಿ ಎಲ್ಲವೂ ಮೆತ್ತಗಾಗುತ್ತವೆ. ಜನ ಹೆಚ್ಚಿದ್ದರೆ ಎರಡು ಟ್ರೇ ಮಾಡು.

ಒಳಗಿಟ್ಟ ಮೇಲೆ ಇಪ್ಪತ್ತೈದು ನಿಮಿಷ ಮುಟ್ಟಬೇಡ. ಗರಿ ಕಟ್ಟದ ಹೋಳು ಟ್ರೇಗೆ ಅಂಟಿಕೊಂಡಿರುತ್ತದೆ. ಎಬ್ಬಿಸಲು ಹೋದರೆ ಕಷ್ಟಪಟ್ಟು ಮಾಡಿದ ಹಿಟ್ಟಿನ ಪದರ ಟ್ರೇಯಲ್ಲೇ ಉಳಿಯುತ್ತದೆ. ಗರಿ ಕಟ್ಟಿದರೆ ತಾನೇ ಬಿಡುತ್ತದೆ. ಆಗ ಸಟ್ಟುಗದಿಂದ ಮಗುಚಿ ಮತ್ತೆ ಇಪ್ಪತ್ತರಿಂದ ಮೂವತ್ತು ನಿಮಿಷ, ನಡುವೆ ಇನ್ನೊಮ್ಮೆ ಮಗುಚು. ಬಣ್ಣ ಹೊನ್ನಿನಂತಾದಾಗ ತೆಗೆ, ಕಂದು ದಾಟಿ ಕಪ್ಪಿಗೆ ಹೋಗಲು ಬಿಡಬೇಡ. ಪಿಷ್ಟದ ಪದಾರ್ಥಗಳನ್ನು ಹೆಚ್ಚು ಬಿಸಿಯಲ್ಲಿ ಹುರಿದಾಗ ಅಕ್ರಿಲಮೈಡ್ ಹುಟ್ಟುತ್ತದೆಂದು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ಕಂಡುಕೊಂಡರು. ಬ್ರಿಟನ್ನಿನ ಆಹಾರ ಗುಣಮಟ್ಟದ ಸರ್ಕಾರಿ ಸಂಸ್ಥೆಯೂ ಹೊಂಬಣ್ಣಕ್ಕೇ ನಿಲ್ಲಿಸಿ ಎಂದು 2017ರಲ್ಲಿ ಮನೆಮನೆಗೆ ತಿಳಿಹೇಳಿತು. ರುಚಿಯೂ ಅಲ್ಲಿಗೇ ಮುಗಿಯುತ್ತದೆ, ಆಮೇಲೆ ಬರುವುದು ಕಹಿ.

ಓಟಿಜಿ ಇರುವವರು ಮೇಲಿನ ಕೆಳಗಿನ ಎರಡೂ ಕಂಬಿಗಳನ್ನು ಹಾಕಿ, ಟ್ರೇಯನ್ನು ನಡುವಿನ ಮೆಟ್ಟಿಲಲ್ಲಿಡಿ. ಮೈಕ್ರೋವೇವ್ ಇದ್ದರೆ ಅದರ ಕನ್ವೆಕ್ಷನ್ ಬಳಸಬೇಕು. ಬರೀ ಮೈಕ್ರೋವೇವ್ ಗಡ್ಡೆಯ ನೀರನ್ನೇ ಕಾಯಿಸಿ ಹೊರಗೆ ತಳ್ಳುತ್ತದೆ, ಸುತ್ತಲಿನ ಗಾಳಿ ತಣ್ಣಗೇ ಇರುವುದರಿಂದ ಹೋಳಿನ ಮೈ ಒಣಗುವುದೇ ಇಲ್ಲ.

ಮಸಾಲೆ ಕೊನೆಯಲ್ಲಿ. ಅಚ್ಚಖಾರದ ಪುಡಿ, ಬೆಳ್ಳುಳ್ಳಿ ಮೊದಲೇ ಹಾಕಿದರೆ ಮುಕ್ಕಾಲು ಗಂಟೆಯಲ್ಲಿ ಸೀದು ಹೋಗುತ್ತವೆ. ಟ್ರೇ ಹೊರಬಂದಾಗ ಒಂದು ಚಮಚ ತುಪ್ಪದಲ್ಲಿ ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಚಿಟಿಕೆ ಇಂಗು ಬಾಡಿಸಿ ಮೇಲೆ ಹಾಕಿ, ಪುಡಿ ಉಪ್ಪು ಉದುರಿಸಿ ಕುಲುಕು. ನಿನ್ನ ಹತ್ತಿರ ಅಮ್ಮ ಕಳಿಸಿದ ಚಟ್ನಿಪುಡಿ ಇದೆಯಲ್ಲ, ಅರ್ಧದಷ್ಟು ಹೋಳುಗಳಿಗೆ ಅದನ್ನು ಬೆರೆಸು. ಅದರಲ್ಲಿ ಬೆಲ್ಲ ಇರುವುದರಿಂದ ಓವನ್ನಿನೊಳಗೆ ಮಾತ್ರ ಹಾಕಬೇಡ. ಖಾರ ತಿನ್ನದವರಿಗೆ ಉಳಿದರ್ಧ ಹಾಗೇ ಇರಲಿ.

ಹಾಟ್ ಪ್ಯಾಕಿಗೆ ತುಂಬಿಡಬೇಡ ಮಗಳೇ. ನಮ್ಮವರಿಗೆ ಬಿಸಿ ಆರಬಾರದೆಂಬ ಅಕ್ಕರೆ, ಚಪಾತಿಗೆ ಅದು ಸರಿ. ಗರಿಗರಿ ಪದಾರ್ಥವನ್ನು ಮುಚ್ಚಿಟ್ಟರೆ ತನ್ನ ಹಬೆಯಲ್ಲಿ ತಾನೇ ನೆನೆಯುತ್ತದೆ. ಅಗಲ ತಟ್ಟೆಯಲ್ಲಿ ಹರಡಿ ತೆರೆದೇ ಬಡಿಸು. ಅತಿಥಿಗಳು ತಡ ಮಾಡಿದರೆ ಓವನ್ ಆರಿಸಿ ಬಾಗಿಲು ಅರ್ಧ ತೆರೆದು ಅದರೊಳಗೇ ಬಿಡು.

ಅವರೆಲ್ಲ ಗ್ರೇವಿಯ ಜೊತೆ ತಿನ್ನಲಿ. ನೀನು ಒಂದಿಷ್ಟು ಎತ್ತಿಟ್ಟುಕೊಂಡು ರಾತ್ರಿ ತಿಳಿಸಾರಿನ ಅನ್ನಕ್ಕೆ ನೆಂಚಿಕೊಂಡು ನೋಡು. ಹಪ್ಪಳ ಸಂಡಿಗೆಗಿಂತ ಮೇಲು ಎಂದು ನನ್ನ ಖಂಡಿತವಾದ ಅಭಿಪ್ರಾಯ. ಮತ್ತೆ ಬಿಸಿ ಮಾಡಲು 200 ಡಿಗ್ರಿಯಲ್ಲಿ ಹತ್ತು ನಿಮಿಷ ಸಾಕು.

ಭಾನುವಾರ ಬೆಳಗ್ಗೆ ನಿನಗೆ ಬೇರೆ ಕೆಲಸವೂ ಇರುತ್ತದೆ. ಹಾಗಾಗಿ ಬೇಯಿಸಿ, ಬಸಿದು, ಕುಲುಕುವ ತನಕದ ಕೆಲಸವನ್ನು ಶನಿವಾರ ರಾತ್ರಿಯೇ ಮುಗಿಸು. ಪೂರ್ತಿ ಆರಿದ ಮೇಲೆ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ, ಮುಚ್ಚದೆ ಫ್ರಿಜ್ಜಿನಲ್ಲಿಡು. ಅಲ್ಲಿನ ಒಣ ಚಳಿಗೆ ಮೈಯ ನೀರು ಇನ್ನಷ್ಟು ಆರಿ ಮರುದಿನ ಗರಿ ಇನ್ನೂ ಚೆನ್ನಾಗಿ ಕಟ್ಟುತ್ತದೆ. ಒಂದು ಗಂಟೆಗೆ ಊಟವಾದರೆ ಹನ್ನೊಂದೂವರೆಗೆ ಓವನ್ ಹಚ್ಚು, ಹನ್ನೆರಡಕ್ಕೆ ಟ್ರೇ ಒಳಗಿರಲಿ. ಆಮೇಲೆ ನೀನು ಒಲೆಯ ಮುಂದೆ ನಿಲ್ಲುವ ಕೆಲಸವಿಲ್ಲ; ಕೈಕಾಲು ತೊಳೆದು, ಒಳ್ಳೆಯ ಬಟ್ಟೆ ಉಟ್ಟು, ಬಂದವರ ಜೊತೆ ಕೂತು ಮಾತಾಡು. ಮಗುಚುವ ಹೊತ್ತಿಗೆ ಮಾತ್ರ ಎದ್ದು ಬಾ.

ಇತಿ ನಿನ್ನ
ದೊಡ್ಡಮ್ಮ