ಅಪಘಾತದಿಂದ ಉಳಿದವರ ಆಯುಷ್ಯ ಮತ್ತು ವ್ರತ

ಆಷಾಢದ ಅಷ್ಟಾಹ್ನಿಕ ಪರ್ವಕ್ಕೆ ಇನ್ನು ಹತ್ತು ದಿನಗಳಿರುವಾಗ ಆರ್.ಟಿ. ನಗರದ ಒಂದು ಶ್ರಾವಕ ಗೃಹದಿಂದ ನಮಗೆ ಕರೆ ಬಂದಿತು. ಆ ಮನೆಯ ಯಜಮಾನರು ಮೂರು ತಿಂಗಳ ಹಿಂದೆ ಹೆಬ್ಬಾಳದ ಬಳಿ ಸ್ಕೂಟರಿನಲ್ಲಿ ಹೋಗುತ್ತಿದ್ದಾಗ ಲಾರಿಯೊಂದಕ್ಕೆ ಸಿಕ್ಕಿ, ತಲೆಗೂ ತೊಡೆಗೂ ಭಾರೀ ಪೆಟ್ಟಾಗಿ, ಹನ್ನೊಂದು ದಿನ ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿದ್ದವರು. ಈಗ ಊರುಗೋಲಿನ ಆಸರೆಯಿಂದ ನಡೆಯುತ್ತಾರೆ. ನಾವು ಹೋದಾಗ ಅವರು ಜಗಲಿಯ ಕುರ್ಚಿಯಲ್ಲಿ ಕುಳಿತಿದ್ದರು. ಅವರ ಧರ್ಮಪತ್ನಿ ಬಾಗಿಲ ಬಳಿ ನಿಂತು, "ಪಂಡಿತರೇ, ಇವರು ಬದುಕಿ ಬಂದರೆ ಅಷ್ಟಾಹ್ನಿಕದ ಎಂಟೂ ದಿನ ನಿರಾಹಾರ ಉಪವಾಸ ಮಾಡಿಸುತ್ತೇನೆಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹರಕೆ ಹೊತ್ತಿದ್ದೇನೆ. ಡಾಕ್ಟರು ಕೂಡದು ಎನ್ನುತ್ತಾರೆ. ಮಾಡಿಸದಿದ್ದರೆ ಏನಾಗುತ್ತದೋ ಎಂದು ನನಗೆ ನಿದ್ರೆ ಬರುತ್ತಿಲ್ಲ" ಎಂದರು.

ಯಜಮಾನರ ಚಿಂತೆ ಬೇರೆಯಾಗಿತ್ತು. ಇಪ್ಪತ್ತೆರಡು ವರ್ಷ ರಾತ್ರಿಭೋಜನ ತ್ಯಾಗವನ್ನು ಪಾಲಿಸಿದವರು ಅವರು. ಪ್ರಜ್ಞೆಯಿಲ್ಲದ ದಿನಗಳಲ್ಲಿ ಮೂಗಿನ ಕೊಳವೆಯ ಮೂಲಕ ಹಗಲಿರುಳೆನ್ನದೆ ಆಹಾರ ಕೊಟ್ಟಿದ್ದರಂತೆ. ವ್ರತ ಭಂಗವಾಯಿತೇ ಎಂಬುದು ಅವರ ಪ್ರಶ್ನೆ. ಇದಲ್ಲದೆ ಮತ್ತೊಂದು ಮಾತನ್ನು ಬಹಳ ಸಂಕೋಚದಿಂದ ಹೇಳಿದರು. ರಸ್ತೆಯಲ್ಲಿ ಬಿದ್ದಿದ್ದಾಗ ತಮ್ಮ ಶರೀರವನ್ನು ತಾವೇ ಮೇಲಿನಿಂದ ನೋಡಿದಂತಾಯಿತು, ನೋವು ಇರಲಿಲ್ಲ, ತೀರಿಹೋದ ತಾಯಿಯ ಧ್ವನಿಯಲ್ಲಿ ಣಮೋಕಾರ ಮಂತ್ರ ಕೇಳಿಸಿತು. "ನಾನು ಸತ್ತು ಮರಳಿ ಬಂದವನೇ?" ಎಂದು ಕೇಳಿದರು. ನೆಂಟರಿಷ್ಟರು ಅದಾಗಲೇ ಅವರನ್ನು ಯಮನ ಬಾಗಿಲು ತಟ್ಟಿ ಬಂದವರೆಂದು ಕರೆದು, ಅಲ್ಲಿ ಏನು ಕಂಡಿರೆಂದು ವಿಚಾರಿಸಲು ಬರುತ್ತಿದ್ದರು. ಈ ಪ್ರಶ್ನೆಗಳು ಒಂದು ಮನೆಗೆ ಮಾತ್ರ ಸೇರಿದವಲ್ಲವೆಂದು ತಿಳಿದು ಇಲ್ಲಿ ವಿವೇಚಿಸುತ್ತೇವೆ.

ಮೊದಲು ಮರಣದ ವಿಷಯ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ವಿಗ್ರಹಗತಿಯನ್ನು ನಿರೂಪಿಸಿದ್ದಾರೆ. ಭುಜ್ಯಮಾನ ಆಯುಷ್ಯವು ಮುಗಿದೊಡನೆ ಜೀವವು ಪೂರ್ವ ಶರೀರವನ್ನು ಬಿಟ್ಟು, ಹೆಚ್ಚೆಂದರೆ ಮೂರು ತಿರುವುಗಳಲ್ಲಿ, ನಾಲ್ಕು ಸಮಯಗಳೊಳಗೆ ಹೊಸ ಜನ್ಮಸ್ಥಾನವನ್ನು ಸೇರಿಬಿಡುತ್ತದೆ. ಸಮಯವೆಂದರೆ ಕಾಲದ ಅತಿ ಸೂಕ್ಷ್ಮವಾದ ಅಂಶ. ಕಣ್ಣು ಮಿಟುಕಿಸುವಷ್ಟರಲ್ಲಿ ಅಸಂಖ್ಯಾತ ಸಮಯಗಳು ಕಳೆಯುತ್ತವೆ. ಹಾಗೆ ಹೋದ ಜೀವವು ಹಿಂದಿನ ಶರೀರಕ್ಕೆ ಮರಳುವುದೆಂಬುದು ನಮ್ಮ ಸಿದ್ಧಾಂತದಲ್ಲಿಲ್ಲ. ಆದುದರಿಂದ ಬದುಕಿ ಉಳಿದವನು ಸತ್ತು ಬಂದವನಲ್ಲ. ಅವನ ಆಯುಷ್ಯ ಮುಗಿದೇ ಇರಲಿಲ್ಲ.

ಹಾಗಾದರೆ ಶರೀರದ ಹೊರಗಿದ್ದಂತೆ ಕಂಡುದು ಏನು? ಕೆಲವರು ತಟ್ಟನೆ ಮಾರಣಾಂತಿಕ ಸಮುದ್ಘಾತವೆಂದು ಹೇಳಿಬಿಡುತ್ತಾರೆ. ಸಮುದ್ಘಾತಗಳು ಏಳು, ಮೂಲ ಶರೀರವನ್ನು ಬಿಡದೆಯೇ ಆತ್ಮಪ್ರದೇಶಗಳು ಹೊರಗೆ ಹರಡುವುದು ಅವುಗಳ ಲಕ್ಷಣ. ಅವುಗಳಲ್ಲಿ ಮಾರಣಾಂತಿಕವು ಆಯುಷ್ಯದ ಕೊನೆಯ ಅಂತರ್ಮುಹೂರ್ತದಲ್ಲಿ ಮುಂದಿನ ಜನ್ಮಕ್ಷೇತ್ರವನ್ನು ಸ್ಪರ್ಶಿಸುವಂಥದು. ಮೂರು ತಿಂಗಳ ಅನಂತರವೂ ಜಗಲಿಯಲ್ಲಿ ಕುಳಿತು ಮಾತನಾಡುವವರಿಗೆ ಅದು ಆಗಿರಲಾರದು. ತೀವ್ರವಾದ ನೋವಿನ ನಿಮಿತ್ತದಿಂದ ಆಗುವ ವೇದನಾ ಸಮುದ್ಘಾತವನ್ನೂ ಶಾಸ್ತ್ರವು ಹೇಳಿದೆಯಾದರೂ, ಇಂಥವರಿಗೆ ಇಂಥ ಹೊತ್ತಿನಲ್ಲಿ ಅದೇ ಆಯಿತೆಂದು ನಿರ್ಣಯಿಸಲು ನಮಗೆ ಅವಧಿಜ್ಞಾನವಿಲ್ಲ. ಪೆಟ್ಟು ತಿಂದ ಮಿದುಳಿಗೂ ಹಲವು ಬಗೆಯ ದೃಶ್ಯಗಳನ್ನು ಕಟ್ಟುವ ಶಕ್ತಿಯಿದೆ. ತಿಳಿಯದ ಕಡೆ ಶಾಸ್ತ್ರದ ಹೆಸರನ್ನು ಅಂಟಿಸದಿರುವುದೇ ಶಾಸ್ತ್ರಕ್ಕೆ ಸಲ್ಲಿಸುವ ವಿನಯವೆಂದು ನಮ್ಮ ಅಭಿಪ್ರಾಯ.

ಇಂತಹ ಅನುಭವಗಳನ್ನು ಲೌಕಿಕ ವಿದ್ವಾಂಸರೂ ಪರಿಶೀಲಿಸಿದ್ದಾರೆ. ಅಮೆರಿಕದ ರೇಮಂಡ್ ಮೂಡಿಯವರ ಗ್ರಂಥವು 1975ರಲ್ಲಿ ಪ್ರಕಟವಾದ ಮೇಲೆ ಈ ವಿಷಯ ಲೋಕಪ್ರಸಿದ್ಧವಾಯಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಸತ್ವಂತ್ ಪಸ್ರಿಚಾ ಅವರು ಇಯಾನ್ ಸ್ಟೀವನ್‌ಸನ್‌ರೊಡನೆ 1986ರಲ್ಲಿ ಭಾರತದ ಇಂತಹ ಪ್ರಸಂಗಗಳ ಬಗ್ಗೆ ಲೇಖನ ಬರೆದರು. ಅನಂತರ ಚನ್ನಪಟ್ಟಣದ ಕಡೆಯಲ್ಲಿಯೂ ಸಮೀಕ್ಷೆ ನಡೆಸಿದರು. ಅವರ ಮೊದಲ ವರದಿಯ ಒಂದು ಅಂಶ ಸ್ವಾರಸ್ಯವಾದುದು. ಉತ್ತರ ಭಾರತದ ಅನೇಕರು, ದೂತರು ತಮ್ಮನ್ನು ಎಳೆದೊಯ್ದರು, ಅಲ್ಲಿ ಲೆಕ್ಕದ ಪುಸ್ತಕ ತೆರೆದು ನೋಡಿದಾಗ ತಪ್ಪು ಮನುಷ್ಯನನ್ನು ತಂದಿರುವುದು ತಿಳಿದು ಹಿಂದಕ್ಕೆ ಕಳುಹಿಸಿದರು ಎಂದು ಹೇಳಿದ್ದರು. ಪಾಶ್ಚಾತ್ಯರ ಕಥನಗಳಲ್ಲಿ ಇಂಥ ದೂತರೂ ಗುಮಾಸ್ತರ ತಪ್ಪೂ ಸಾಮಾನ್ಯವಾಗಿ ಕಾಣವು. ಕಾಣುವವನು ಬಾಲ್ಯದಿಂದ ಕೇಳಿದ ಕಥೆಯ ಬಣ್ಣವೇ ಕಾಣ್ಕೆಗೂ ಹತ್ತುವುದೆಂದು ಇದರಿಂದ ಊಹಿಸಬಹುದು. ನಮ್ಮ ಶ್ರಾವಕರಿಗೆ ಯಮದೂತನಿಗೆ ಬದಲಾಗಿ ಣಮೋಕಾರವು ಕೇಳಿಸಿದ್ದರಲ್ಲಿ ಆಶ್ಚರ್ಯವೇನು? ತಾಯಿ ತೊಟ್ಟಿಲಲ್ಲಿ ಹಾಕಿದ ಸಂಸ್ಕಾರವು ರಸ್ತೆಯ ಮೇಲೆ ಬಿದ್ದಾಗಲೂ ಕೈಬಿಡಲಿಲ್ಲ. ಅಷ್ಟರಿಂದಲೇ ಅವರು ಸಂತೋಷಪಡಬಹುದೆಂದು ಹೇಳಿದೆವು.

ಹಾಲೆಂಡ್ ದೇಶದ ಹತ್ತು ಆಸ್ಪತ್ರೆಗಳಲ್ಲಿ ಹೃದಯ ನಿಂತು ಮರಳಿ ಬದುಕಿದ 344 ರೋಗಿಗಳನ್ನು ವಿಚಾರಿಸಿದ ಅಧ್ಯಯನವೊಂದು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಲ್ಲಿ 62 ಮಂದಿ, ಎಂದರೆ ನೂರಕ್ಕೆ 18 ಮಂದಿ ಮಾತ್ರ ಇಂತಹ ಅನುಭವವನ್ನು ಹೇಳಿದರು. ಎರಡು ವರ್ಷ ಮತ್ತು ಎಂಟು ವರ್ಷಗಳ ಬಳಿಕ ಪುನಃ ವಿಚಾರಿಸಿದಾಗ, ಅನುಭವ ಹೊಂದಿದವರಲ್ಲಿ ಮರಣಭಯ ಕಡಿಮೆಯಾಗಿ ಪರರ ಬಗ್ಗೆ ಕನಿಕರ ಹೆಚ್ಚಿದ್ದುದು ಕಂಡುಬಂದಿತು. ಆದರೆ ಆ ಬದಲಾವಣೆ ಒಂದು ದಿನದಲ್ಲಿ ಬಂದುದಲ್ಲ, ವರ್ಷಗಳು ಹಿಡಿದವು ಎಂಬುದನ್ನು ಗಮನಿಸಬೇಕು. ಇಲ್ಲಿ ಪೂಜ್ಯಪಾದರ ಸರ್ವಾರ್ಥಸಿದ್ಧಿಯ ಒಂದು ಮಾತು ನೆನಪಾಗುತ್ತದೆ. ಸಮ್ಯಗ್ದರ್ಶನದ ಬಾಹ್ಯ ನಿಮಿತ್ತಗಳನ್ನು ಹೇಳುವಾಗ ಅವರು ವೇದನೆಯ ಪೀಡೆಯನ್ನು ನಾರಕಿಗಳಿಗೆ ಹೇಳಿದ್ದಾರೆ. ಮನುಷ್ಯರಿಗೆ ಹೇಳಿರುವುದು ಜಾತಿಸ್ಮರಣ, ಧರ್ಮಶ್ರವಣ ಮತ್ತು ಜಿನಬಿಂಬದರ್ಶನಗಳನ್ನು. ನೋವು ಉಂಡ ಮಾತ್ರಕ್ಕೆ ಮನುಷ್ಯನು ಧರ್ಮಾತ್ಮನಾಗುವುದಿಲ್ಲ. ಅವನು ಮರಳಿ ಸ್ವಾಧ್ಯಾಯಕ್ಕೂ ಬಸದಿಗೂ ಬರಬೇಕಾಗುತ್ತದೆ.

ಕರ್ಮದ ಲೆಕ್ಕದಲ್ಲಿ ಹೆಸರು ತಪ್ಪುವ ಗುಮಾಸ್ತನಿಲ್ಲ. ಹಾಗೆಂದು, "ಆಯುಷ್ಯ ಗಟ್ಟಿಯಿತ್ತು, ಉಳಿದ, ತೀರಿತ್ತು, ಹೋದ" ಎಂದು ಕೈಕಟ್ಟಿ ಕೂಡುವುದೂ ಜೈನಮತವಲ್ಲ. ಚರಮೋತ್ತಮ ದೇಹಿಗಳು, ದೇವ ನಾರಕಿಗಳು, ಅಸಂಖ್ಯಾತ ವರ್ಷದ ಆಯುಷ್ಯವುಳ್ಳ ಭೋಗಭೂಮಿಯವರು ಇವರ ಆಯುಷ್ಯವನ್ನು ಮಾತ್ರ ಸೂತ್ರಕಾರರು ನಡುವೆ ಕಡಿಯಲಾಗದ್ದೆಂದು ಹೇಳಿದ್ದಾರೆ. ನಮ್ಮಂಥವರದು ಕಡಿಯಬಹುದಾದುದು. ಬಾಳೆಯ ಗಿಡವನ್ನು ಕತ್ತರಿಸಿದಂತೆ ಆಗುವ ಇದಕ್ಕೆ ಕದಳೀಘಾತ ಮರಣವೆಂದು ಹೆಸರು. ಚಾವುಂಡರಾಯನಿಗಾಗಿ ಗೊಮ್ಮಟಸಾರವನ್ನು ರಚಿಸಿದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಅದರ ಕರ್ಮಕಾಂಡದಲ್ಲಿ ಇದಕ್ಕೆ ಕಾರಣಗಳನ್ನು ಎಣಿಸಿದ್ದಾರೆ: ವಿಷ, ವೇದನೆ, ರಕ್ತಕ್ಷಯ, ಭಯ, ಶಸ್ತ್ರಾಘಾತ, ಸಂಕ್ಲೇಶ, ಉಸಿರಿನ ತಡೆ, ಆಹಾರದ ತಡೆ. ಸಾವಿರ ವರ್ಷದ ಹಿಂದಿನ ಈ ಪಟ್ಟಿಯನ್ನು ಇಂದಿನ ತುರ್ತು ಚಿಕಿತ್ಸೆಯ ವೈದ್ಯರ ಮುಂದಿಟ್ಟರೆ ಅವರು ತಲೆದೂಗುತ್ತಾರೆ. ಅಪಘಾತವಾದವನ ಬಳಿ ಅವರು ಮೊದಲು ನೋಡುವುದು ಉಸಿರಿನ ದಾರಿಯನ್ನು, ಹರಿಯುತ್ತಿರುವ ರಕ್ತವನ್ನು. ರಕ್ತ ಹರಿಯುವ ಗಾಯವನ್ನು ಬಟ್ಟೆಯಿಂದ ಒತ್ತಿ ಹಿಡಿದವನು ಕದಳೀಘಾತದ ಒಂದು ನಿಮಿತ್ತವನ್ನೇ ತಡೆದು ಹಿಡಿದಂತಾಯಿತು. ಅದು ಅಭಯದಾನ.

ನಮ್ಮ ಉತ್ತರ ಬೆಂಗಳೂರಿನವರು ಇದನ್ನು ಹತ್ತಿರದಿಂದ ಕಂಡವರು. 2019ರ ಫೆಬ್ರವರಿ 19ರಂದು ಯಲಹಂಕದಲ್ಲಿ ವೈಮಾನಿಕ ಪ್ರದರ್ಶನದ ಅಭ್ಯಾಸ ನಡೆಯುತ್ತಿದ್ದಾಗ ಸೂರ್ಯಕಿರಣ ತಂಡದ ಎರಡು ವಿಮಾನಗಳು ಆಕಾಶದಲ್ಲಿಯೇ ಡಿಕ್ಕಿ ಹೊಡೆದವು. ಅವುಗಳಲ್ಲಿದ್ದ ಮೂವರ ಪೈಕಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿಯವರು ಮೃತರಾದರು. ಇನ್ನಿಬ್ಬರು ಹೊರಗೆ ಚಿಮ್ಮಿ ಬದುಕಿದರು. 2016ರ ಫೆಬ್ರವರಿ 16ರಂದು, ಯಶವಂತಪುರದಿಂದ ಹೊರಡುವ ತುಮಕೂರು ರಸ್ತೆಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದ ಹರೀಶ್ ಎಂಬ ತರುಣನು ತನ್ನ ಅಂಗಗಳನ್ನು ದಾನ ಮಾಡಿರೆಂದು ಕೇಳಿಕೊಂಡು ಪ್ರಾಣಬಿಟ್ಟನು. ಅವನ ಕಣ್ಣುಗಳು ದಾನವಾದವು. ರಾಜ್ಯ ಸರ್ಕಾರವು ಅದೇ ವರ್ಷ ಅವನ ಹೆಸರಿನಲ್ಲಿ, ಅಪಘಾತಕ್ಕೀಡಾದವರಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆಯ ಯೋಜನೆಯನ್ನು ಆರಂಭಿಸಿತು. ಗಾಯಾಳುವಿಗೆ ನೆರವಾದವರನ್ನು ಕಾನೂನಿನ ಕಿರುಕುಳದಿಂದ ರಕ್ಷಿಸುವ ವಿಧಿಯನ್ನು 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಲಾಯಿತು. ಪೊಲೀಸರ ಭಯದಿಂದ ದೂರ ನಿಲ್ಲುವ ನಮ್ಮವರು ಇದನ್ನು ತಿಳಿದಿರಬೇಕು.

ಇನ್ನು ವ್ರತಭಂಗದ ಪ್ರಶ್ನೆ. ವ್ರತವು ಸಂಕಲ್ಪಪೂರ್ವಕವಾದುದು, ಅದರ ಭಂಗಕ್ಕೂ ಮನಸ್ಸಿನ ಸಹಭಾಗ ಬೇಕು. ಪ್ರಜ್ಞೆಯೇ ಇಲ್ಲದವನಿಗೆ ರಾತ್ರಿಯ ಅರಿವೆಲ್ಲಿ, ಆಹಾರದ ಇಚ್ಛೆಯೆಲ್ಲಿ? ಆದುದರಿಂದ ಅವರ ವ್ರತ ನಾಶವಾಯಿತೆಂದು ನಾವು ಹೇಳಲಾರೆವು. ಆದರೂ ಅವರ ಮನಸ್ಸಿಗೆ ಚುಚ್ಚುತ್ತಿರುವ ಮುಳ್ಳನ್ನು ತೆಗೆಯಬೇಕಷ್ಟೆ. ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನೆ, ಎಂದರೆ ನಡೆದುದನ್ನು ಮರೆಮಾಚದೆ ಗುರುಗಳಲ್ಲಿ ನಿವೇದಿಸುವುದು. ಮುನಿಗಳ ದರ್ಶನವಾದಾಗ ಹಾಗೆ ಮಾಡಿ, ಅವರು ಹೇಳಿದಂತೆ ನಡೆಯಿರೆಂದು ಸೂಚಿಸಿದೆವು. ಪ್ರಜ್ಞೆ ಬಂದ ಮೇಲಿನ ಮಾತ್ರೆಗಳ ವಿಷಯ ಬೇರೆ. ಹನ್ನೆರಡು ಗಂಟೆಗೊಮ್ಮೆ ನುಂಗಬೇಕಾದ ಮಾತ್ರೆಯಾದರೆ ಬೆಳಿಗ್ಗೆ ಸೂರ್ಯೋದಯವಾದೊಡನೆ, ಸಂಜೆ ಸೂರ್ಯಾಸ್ತಕ್ಕೆ ತುಸು ಮೊದಲು ಎಂದು ಹೊಂದಿಸಬಹುದೇ ಎಂದು ವೈದ್ಯರನ್ನೇ ಕೇಳಬೇಕು. ಬೆಂಗಳೂರಿನಲ್ಲಿ ಸೂರ್ಯಾಸ್ತವು ನವೆಂಬರಿನಲ್ಲಿ ಆರಕ್ಕೆ ಹತ್ತು ನಿಮಿಷವಿರುವಾಗ, ಜುಲೈನಲ್ಲಿ ಆರೂ ಮುಕ್ಕಾಲರ ಮೇಲೆ ಆಗುವುದರಿಂದ ವರ್ಷವಿಡೀ ಒಂದೇ ವೇಳೆ ಒಗ್ಗುವುದಿಲ್ಲ. ತಲೆಗೆ ಪೆಟ್ಟಾದವರು ಅಪಸ್ಮಾರ ತಡೆಯುವ ಮಾತ್ರೆಯನ್ನು ಉಪವಾಸದ ನೆಪದಿಂದ ತಾವಾಗಿ ನಿಲ್ಲಿಸಬಾರದು. ಹಾಗೆ ನಿಲ್ಲಿಸಿದರೆ ಮತ್ತೆ ಬೀಳುವ ಭಯವುಂಟು.

ಹರಕೆಯ ವಿಷಯದಲ್ಲಿ ನಾವು ಸ್ವಲ್ಪ ಕಠಿಣವಾಗಿಯೇ ಮಾತನಾಡಬೇಕಾಯಿತು. "ತಾಯಿ, ನೀವು ಹೊತ್ತುದು ಅವರ ಉಪವಾಸ. ಒಬ್ಬರ ಹೊಟ್ಟೆಯ ಮೇಲೆ ಇನ್ನೊಬ್ಬರು ಸಂಕಲ್ಪ ಮಾಡಲು ಬರುವುದಿಲ್ಲ" ಎಂದೆವು. ಜೀವವನ್ನು ಉಳಿಸಿಕೊಟ್ಟರೆ ಇಷ್ಟು ಉಪವಾಸ ಕೊಡುತ್ತೇನೆಂಬುದು ವ್ಯಾಪಾರವೇ ಹೊರತು ತಪವಲ್ಲ. ವೀತರಾಗನಾದ ಜಿನೇಶ್ವರನು ಅದನ್ನು ಕೊಳ್ಳುವವನೂ ಅಲ್ಲ, ಸಲ್ಲಿಸದಿದ್ದರೆ ಮುನಿಯುವವನೂ ಅಲ್ಲ. ಷೋಡಶಕಾರಣ ಭಾವನೆಗಳಲ್ಲಿ ತಪಕ್ಕೆ 'ಶಕ್ತಿತಃ' ಎಂಬ ವಿಶೇಷಣವಿರುವುದು ಸುಮ್ಮನೆ ಅಲ್ಲ. ಆ ತಾಯಿ ಅತ್ತರು. ಹನ್ನೊಂದು ದಿನ ಮೆಟ್ಟಿಲ ಮೇಲೆ ಕುಳಿತವರ ಭಯವನ್ನು ನಾವು ಅಲ್ಲಗಳೆಯುವುದಿಲ್ಲ. ಆ ಭಯವೇ ಮಾತನಾಡಿತ್ತು.

ಆಗ ಯಜಮಾನರು, "ಹೋಗಿಬಿಟ್ಟಿದ್ದರೆ ಇವರಿಗೆ ಇಷ್ಟು ಕಷ್ಟವಿರಲಿಲ್ಲ. ಸಲ್ಲೇಖನೆಯನ್ನಾದರೂ ಕೊಡಿಸಿ" ಎಂದರು. ಸಮಂತಭದ್ರಾಚಾರ್ಯರು ಸಲ್ಲೇಖನೆಗೆ ಹಾಕಿರುವ ಷರತ್ತು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ. ದಿನದಿನಕ್ಕೆ ಗುಣವಾಗುತ್ತಿರುವ ಕಾಲು ಅದರಲ್ಲಿ ಸೇರುವುದಿಲ್ಲ. ಸ್ವತಃ ಆ ಆಚಾರ್ಯರೇ ಭಸ್ಮಕ ವ್ಯಾಧಿಯಿಂದ ನೊಂದು ಸಲ್ಲೇಖನೆಯನ್ನು ಬೇಡಿದಾಗ ಗುರುಗಳು ಒಪ್ಪಲಿಲ್ಲವೆಂದೂ, ಗುಣವಾದ ಮೇಲೆ ಅವರು ಮತ್ತೆ ದೀಕ್ಷೆ ಪಡೆದರೆಂದೂ ಪರಂಪರೆಯಿದೆ. ಇದಲ್ಲದೆ ಸಲ್ಲೇಖನೆಯ ಐದು ಅತಿಚಾರಗಳಲ್ಲಿ ಬದುಕಬೇಕೆಂಬ ಆಸೆಯಾದ ಜೀವಿತಾಶಂಸೆಯೊಡನೆ, ಬೇಗ ಸಾಯಬೇಕೆಂಬ ಆಸೆಯಾದ ಮರಣಾಶಂಸೆಯನ್ನೂ ಸೇರಿಸಲಾಗಿದೆ. ಅಪಘಾತದಿಂದ ಉಳಿದವರಿಗೆ ಈ ಎರಡನೆಯದು ಬಹಳ ಕಾಡುತ್ತದೆ. ರಾತ್ರಿ ಲಾರಿಯ ಸದ್ದು ಕೇಳಿ ಬೆಚ್ಚಿ ಏಳುವುದು, ಬಿದ್ದ ರಸ್ತೆಯತ್ತ ಹೋಗಲಾರದಿರುವುದು, ಉಳಿದದ್ದೇ ಅಪರಾಧವೆನಿಸುವುದು ಇವೆಲ್ಲವೂ ಮನಸ್ಸಿಗಾದ ಗಾಯಗಳು. ಮೂಳೆಯ ವೈದ್ಯರಂತೆ ಇದಕ್ಕೂ ವೈದ್ಯರಿದ್ದಾರೆ. ಅವರ ಬಳಿಗೆ ಹೋಗುವುದು ಶ್ರದ್ಧೆಯ ಕೊರತೆಯಲ್ಲ.

ಉಳಿದ ಆಯುಷ್ಯದ ಬೆಲೆಯನ್ನು ಅವರಿಗೆ ಲೆಕ್ಕ ಹಾಕಿ ತೋರಿಸಿದೆವು. ಮುಂದಿನ ಭವದ ಆಯುಷ್ಯವು ಈ ಭವದ ಆಯುಷ್ಯದ ಮೂರನೆಯ ಒಂದು ಭಾಗ ಉಳಿದಾಗ, ಬಳಿಕ ಅದರ ಮೂರನೆಯ ಒಂದು ಭಾಗ ಉಳಿದಾಗ, ಹೀಗೆ ಎಂಟು ಅಪಕರ್ಷಗಳಲ್ಲಿ ಬಂಧಕ್ಕೆ ಯೋಗ್ಯವಾಗುತ್ತದೆ. ಶಾಸ್ತ್ರದಲ್ಲಿ 6561 ವರ್ಷದ ಉದಾಹರಣೆಯಿದೆ. ನಾವು 81 ವರ್ಷವೆಂದು ಹಿಡಿಯೋಣ. 27 ವರ್ಷ ಉಳಿದಾಗ ಮೊದಲನೆಯದು. ಬಳಿಕ 9, 3, 1 ವರ್ಷ ಉಳಿದಾಗ. ಅನಂತರ ನಾಲ್ಕು ತಿಂಗಳು, ನಲವತ್ತು ದಿನ, ಹದಿಮೂರು ದಿನ ಎಂಟು ಗಂಟೆ, ಕೊನೆಗೆ ನಾಲ್ಕು ದಿನ ಹತ್ತು ಗಂಟೆ ನಲವತ್ತು ನಿಮಿಷ ಉಳಿದಾಗ. ಒಟ್ಟು ಆಯುಷ್ಯವೆಷ್ಟೆಂದು ಬಲ್ಲವರು ನಮ್ಮಲ್ಲಿ ಯಾರೂ ಇಲ್ಲವಾದುದರಿಂದ ಜಗಲಿಯ ಕುರ್ಚಿಯಲ್ಲಿ ಕುಳಿತ ಈ ಮಧ್ಯಾಹ್ನವೇ ಅಂತಹದೊಂದು ಹೊತ್ತಾಗಿರಬಹುದು. ಅವರು ಬೆರಳು ಮಡಿಸಿ ಎಣಿಸತೊಡಗಿದರು, ವೃತ್ತಿಯಲ್ಲಿ ಲೆಕ್ಕಪತ್ರದವರು.

ಕೊನೆಗೆ ವೈದ್ಯರ ಒಪ್ಪಿಗೆ ಪಡೆದು ಆದ ನಿರ್ಣಯವಿಷ್ಟು: ಅಷ್ಟಾಹ್ನಿಕದ ಎಂಟು ದಿನವೂ ಅವರು ಹಗಲಿನಲ್ಲಿ ಎರಡು ಹೊತ್ತು ಹೊಟ್ಟೆ ತುಂಬ ಊಟ ಮಾಡಬೇಕು, ದಿನಕ್ಕೊಂದು ರುಚಿಯನ್ನು, ಒಂದು ದಿನ ಬೆಲ್ಲ, ಒಂದು ದಿನ ಹುಳಿ ಹೀಗೆ ಬಿಡಬೇಕು, ಸಂಜೆ ಒಂದು ಗಳಿಗೆ ಸ್ವಾಧ್ಯಾಯ. ಪತ್ನಿಯವರು ತಮ್ಮ ಶಕ್ತಿಯಂತೆ ಅಷ್ಟಮಿ, ಚತುರ್ದಶಿಗಳಂದು ಏಕಾಶನ ಮಾಡುವುದು, ಆದರೆ ಹರಕೆಯ ಲೆಕ್ಕದಲ್ಲಿ ಅಲ್ಲ.

ಹೊರಡುವಾಗ ಆ ತಾಯಿ, "ಉಪಸರ್ಗದಿಂದ ಉಳಿದವರು ಉಪವಾಸ ಮಾಡದೆ ಊಟ ಮಾಡಿದ ಉದಾಹರಣೆ ಶಾಸ್ತ್ರದಲ್ಲಿದೆಯೇ?" ಎಂದು ಕೇಳಿದರು. ಹಸ್ತಿನಾಪುರದಲ್ಲಿ ಬಲಿ ಮೊದಲಾದ ಮಂತ್ರಿಗಳು ಸುತ್ತಲೂ ಬೆಂಕಿ ಹೊತ್ತಿಸಿದಾಗ ಅಕಂಪನಾಚಾರ್ಯರೂ ಏಳುನೂರು ಮುನಿಗಳೂ ಉಪಸರ್ಗ ಕಳೆಯುವವರೆಗೆ ಎಂದು ಅವಧಿಯಿಟ್ಟು ಆಹಾರವನ್ನು ತ್ಯಜಿಸಿದ್ದರು. ವಿಷ್ಣುಕುಮಾರ ಮುನಿಗಳಿಂದ ಅದು ನಿವಾರಣೆಯಾದ ಶ್ರಾವಣದ ಹುಣ್ಣಿಮೆಯಂದು, ಹೊಗೆಯಿಂದ ಗಂಟಲು ಬೆಂದಿದ್ದ ಅವರಿಗೆ ಶ್ರಾವಕರು ನುಂಗಲು ಸುಲಭವಾದ ಶಾವಿಗೆಯ ಪಾಯಸವನ್ನು ಆಹಾರದಾನ ಮಾಡಿದರು. ರಕ್ಷಾಬಂಧನದ ದಿನ ನಮ್ಮ ಮನೆಗಳಲ್ಲಿ ಮಾಡುವ ಪಾಯಸದ ಮೂಲವೇ ಅದು ಎಂದು ತಿಳಿಸಿದೆವು.

ಶ್ರಾವಣ ಹುಣ್ಣಿಮೆಯಂದು ಆ ಮನೆಯಿಂದ ಮತ್ತೆ ಕರೆ ಬಂದಿತು. ಸಂಜೆ ಐದು ಗಂಟೆಗೆ ಶಾವಿಗೆಯ ಪಾಯಸವಾಗಿತ್ತು. ಅವರನ್ನು ರಸ್ತೆಯಿಂದ ಎತ್ತಿ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಸೇರಿಸಿದ್ದ ಚಾಲಕನನ್ನು ಹುಡುಕಿ ಕರೆಸಿ ಮೊದಲ ಎಲೆಗೆ ಕೂರಿಸಿದ್ದರು.