ಒಂಟಿ ಆಟದಲ್ಲಿ ನಗು ಎಲ್ಲಿಂದ?

ಗ್ರಾಂಟ್ ಹೋವಿಟ್ ಅವರ ‘ಹನಿ ಹೈಸ್ಟ್’ (2017) ಎಂಬ ಪಾತ್ರಾಭಿನಯದ ಆಟವನ್ನು ಒಬ್ಬರೇ ಆಡಲು ನಿಯಮ ಬರೆದೆ, ಆದರೆ ನಗುವೇ ಬರುತ್ತಿಲ್ಲ ಎಂದಿದ್ದೀರಿ. ನೀವು ಕಳಿಸಿದ್ದರಲ್ಲಿ ಪಟ್ಟಿಗಳು ಜಾಸ್ತಿಯಾಗಿವೆ. ಮೂಲ ಆಟ ಒಂದೇ ಪುಟದ್ದು. ಜೇನು ಕದಿಯಲು ಹೊರಟ ಕರಡಿಗೆ ಎರಡೇ ಗುಣ: ಕರಡಿತನ, ಕಳ್ಳತನ. ಎರಡೂ 3ರಿಂದ ಶುರು. ಯೋಜನೆ ಕೆಟ್ಟರೆ ಒಂದು ಅಂಕ ಕರಡಿತನಕ್ಕೆ, ಸಲೀಸಾಗಿ ನಡೆದರೆ ಕಳ್ಳತನಕ್ಕೆ ಸರಿಯುತ್ತದೆ. ನಗು ಹುಟ್ಟುವುದೇ ಈ ಜಗ್ಗಾಟದಲ್ಲಿ. ಇದನ್ನು ದಯವಿಟ್ಟು ಮುಟ್ಟಬೇಡಿ.

ಆಟ ನಡೆಸುವವರ ಬದಲು ಒಂದು ದಾಳ ಸಾಕು. ‘ಕಾವಲುಗಾರ ಎದ್ದಿದ್ದಾನಾ?’ ಎಂದು ಕೇಳಿ ಉರುಳಿಸಿ. 1, 2 ಬಂದರೆ ಇಲ್ಲ. 5, 6 ಬಂದರೆ ಹೌದು. 3, 4 ಬಂದರೆ ‘ಹೌದು, ಆದರೆ...’. ಮಜಾ ಇರುವುದು ಆ ‘ಆದರೆ’ಯಲ್ಲೇ. ಎದ್ದಿದ್ದಾನೆ, ಆದರೆ ಕರಡಿಯ ಟೋಪಿ ನೋಡಿ ಅತಿಥಿ ಅಂದುಕೊಂಡು ಕುರ್ಚಿ ಹಾಕುತ್ತಿದ್ದಾನೆ. ಮೊದಲು ಹೊಳೆದದ್ದನ್ನೇ ಬರೆದುಕೊಳ್ಳಿ.

ನಿಜವಾದ ತೊಡಕು ಬೇರೆ. ಕಳ್ಳತನ 6 ಮುಟ್ಟಿದರೆ ಕರಡಿ ಜೊತೆಯವರಿಗೆ ದ್ರೋಹ ಬಗೆಯಬೇಕು. ಒಂಟಿ ಕರಡಿ ಯಾರಿಗೆ ಬಗೆದೀತು? ಹಾಗಾಗಿ ಎರಡು ಕರಡಿಗಳನ್ನು ಆಡಿಸಿ. ಒಂದು ಕೈಕೊಟ್ಟ ಕೂಡಲೇ ನೀವು ಇನ್ನೊಂದರ ಪಕ್ಷಕ್ಕೆ ಬನ್ನಿ, ಓಡಿದ್ದನ್ನು ದಾಳಕ್ಕೆ ಒಪ್ಪಿಸಿ. ಆ ಬೆನ್ನಟ್ಟುವಿಕೆಗೂ ಹೊಸ ನಿಯಮ ಬೇಡ, ಇರುವ ಎರಡು ಗುಣಗಳಲ್ಲೇ ಆಡಿ ಮುಗಿಸಿ.