ಮನೆಯಲ್ಲಿ ಯಾರಾದರೂ ಇದ್ದಾರಾ?

ಶಸ್ತ್ರಚಿಕಿತ್ಸೆಗೆ ಮುಂಚಿನ ತಪಾಸಣೆಯ ದಿನ ನರ್ಸ್ ಕೇಳಿದ್ದು ಒಂದೇ ಪ್ರಶ್ನೆ: ‘ಮನೆಯಲ್ಲಿ ನೋಡಿಕೊಳ್ಳುವವರು ಯಾರಾದರೂ ಇದ್ದಾರಾ?’ ನಮ್ಮವರು ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ, ‘ಇದ್ದೀನಲ್ಲ, ನಾನಿದ್ದೀನಿ.’ ಆಕೆ ನಕ್ಕು ಫಾರಮ್ಮಿನಲ್ಲಿ ಒಂದು ಗುರುತು ಹಾಕಿದರು. ಆ ಗುರುತಿನ ಬೆಲೆ ನಮಗೆ ತಿಳಿದದ್ದು ಆಮೇಲೆ.

ನಮ್ಮವರು ಹುಟ್ಟಿದ್ದು ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ, 1977ರಲ್ಲಿ. ಹದಿನೆಂಟು ತಿಂಗಳ ಕೂಸಾಗಿದ್ದಾಗ ಪೋಲಿಯೋ ಬಂದು ಎರಡೂ ಕಾಲಿನ ಕಸುವನ್ನು ಕಸಿದುಕೊಂಡಿತು. ದೇಶದಲ್ಲಿ ಪಲ್ಸ್ ಪೋಲಿಯೋ ಶುರುವಾದದ್ದು 1995ರಲ್ಲಿ. ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡದ್ದು 2011ರ ಜನವರಿಯಲ್ಲಿ. ಅಷ್ಟು ಹೊತ್ತಿಗಾಗಲೇ ಇವರು ಕ್ಯಾಲಿಪರ್ ತೊಟ್ಟು, ಎರಡು ಊರುಗೋಲು ಹಿಡಿದು, ಶಾಲೆ, ಕಾಲೇಜು, ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಎಲ್ಲವನ್ನೂ ದಾಟಿದ್ದರು. ಲಂಡನ್ನಿನಿಂದ ರೈಲಿನಲ್ಲಿ ಒಂದು ಗಂಟೆ ದೂರದ ಊರಿಗೆ ನಾವಿಬ್ಬರೂ ಬಂದದ್ದು 2022ರಲ್ಲಿ.

ಎರಡನೇ ವರ್ಷ ಬಲಭುಜ ನೋಯತೊಡಗಿತು. ರಾತ್ರಿ ಆ ಮಗ್ಗುಲಿಗೆ ಮಲಗುವ ಹಾಗಿಲ್ಲ, ಶರಟಿನ ತೋಳಿಗೆ ಕೈ ತೂರಿಸುವ ಹಾಗಿಲ್ಲ. ಭುಜದ ಕೀಲನ್ನು ಸುತ್ತುವರಿದು ಹಿಡಿದಿರುವ ನಾಲ್ಕು ಸ್ನಾಯುಗಳ ಗುಂಪಿಗೆ ರೊಟೇಟರ್ ಕಫ್ ಎನ್ನುತ್ತಾರೆ. ಅದರಲ್ಲೊಂದು ಹರಿದಿತ್ತು. ವರ್ಷಗಟ್ಟಲೆ ಊರುಗೋಲು ಬಳಸುವವರಲ್ಲಿ, ಗಾಲಿಕುರ್ಚಿ ತಳ್ಳುವವರಲ್ಲಿ ಇದು ಸಾಮಾನ್ಯ. ಕಾಲು ಹೊರಬೇಕಾದ ಮೈಭಾರವನ್ನು ನಲವತ್ತು ವರ್ಷ ಹೊತ್ತ ಭುಜ ಅದು. ಹೊಲಿದು ಸರಿಮಾಡಬಹುದು, ಆದರೆ ನಾಲ್ಕರಿಂದ ಆರು ವಾರ ಕೈಯನ್ನು ಜೋಲಿಯಲ್ಲಿ ಇಡಬೇಕು ಎಂದರು ವೈದ್ಯರು. ಬೇರೆಯವರಿಗೆ ಅದು ಒಂದು ಕೈ ಇಲ್ಲದ ಆರು ವಾರ. ನಮ್ಮವರಿಗೆ ಕೈಯೂ ಇಲ್ಲ, ಕಾಲೂ ಇಲ್ಲ.

ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರುವ ಪಟ್ಟಿಯಲ್ಲಿ ಇವರ ಹೆಸರು ಬಂತು. ‘ಮನೆಯಲ್ಲಿ ಹೆಂಡತಿ ಇದ್ದಾರೆ’ ಎಂದು ಕಾಗದದಲ್ಲಿ ಬರೆದಿತ್ತು. ಇವರ ತೂಕ ಎಪ್ಪತ್ತೆರಡು ಕೆ.ಜಿ., ನನ್ನದು ಐವತ್ತು. ಮಲಗುವ ಕೋಣೆಯೂ ಬಚ್ಚಲೂ ಮಹಡಿಯ ಮೇಲೆ. ಇದನ್ನೆಲ್ಲ ಯಾರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಯಾರ ಹಂಗೂ ಬೇಡ ಎನ್ನುವುದು ಇವರು ಚಿಕ್ಕಂದಿನಿಂದ ಕಟ್ಟಿಕೊಂಡ ಹಟ. ಗಂಡನನ್ನು ನೋಡಿಕೊಳ್ಳಲಾರೆ ಎನ್ನುವುದು ನನ್ನ ಬಾಯಲ್ಲಿ ಬಾರದ ಮಾತು.

ಇನ್ನೊಂದು ಹೆದರಿಕೆಯೂ ಇತ್ತು. ನಮ್ಮಂಥ ಕೆಲಸದ ವೀಸಾದವರಿಗೆ ಸರ್ಕಾರದ ‘ಸಾರ್ವಜನಿಕ ನಿಧಿ’ ಮುಟ್ಟುವ ಹಕ್ಕಿಲ್ಲ. ಏನು ಕೇಳಿದರೆ ವೀಸಾಕ್ಕೆ ಕುತ್ತು ಬರುತ್ತದೋ ಎಂದು ಎಷ್ಟೋ ಮನೆಗಳಲ್ಲಿ ಏನನ್ನೂ ಕೇಳದೆ ಹಲ್ಲು ಕಚ್ಚಿಕೊಂಡಿರುತ್ತಾರೆ. ನಾವೂ ಹಾಗೇ ಇದ್ದೆವು. ಆದರೆ ಆ ನಿಧಿಗೊಂದು ಪಟ್ಟಿಯಿದೆ, ಪಟ್ಟಿಯಲ್ಲಿ ಇಲ್ಲದ್ದು ನಿಷಿದ್ಧವಲ್ಲ. ಅಂಗವಿಕಲರಿಗೆ ಕೊಡುವ ಭತ್ಯೆ, ಅಂದರೆ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್, ಪಟ್ಟಿಯಲ್ಲಿದೆ, ಅದು ನಮಗಿಲ್ಲ. 2014ರ ಕೇರ್ ಆಕ್ಟ್ ಪ್ರಕಾರ ಸ್ಥಳೀಯ ಕೌನ್ಸಿಲ್ ಕೊಡುವ ಆರೈಕೆ ಆ ಪಟ್ಟಿಯಲ್ಲಿಲ್ಲ. ಅಂಗವಿಕಲ ನೌಕರರ ಸಲಕರಣೆಗೆ, ಓಡಾಟಕ್ಕೆ ನೆರವಾಗುವ ಆಕ್ಸೆಸ್ ಟು ವರ್ಕ್ ಕೂಡ ಪಟ್ಟಿಯಲ್ಲಿಲ್ಲ. ಆಸ್ಪತ್ರೆಯ ಖರ್ಚಂತೂ ಮೊದಲೇ ಕಟ್ಟಿಯಾಗಿತ್ತು. 2024ರ ಫೆಬ್ರವರಿಯಿಂದ ಆರೋಗ್ಯ ಶುಲ್ಕ ವಯಸ್ಕರೊಬ್ಬರಿಗೆ ವರ್ಷಕ್ಕೆ 1,035 ಪೌಂಡ್. ಮೂರು ವರ್ಷಕ್ಕೆ ವೀಸಾ ನವೀಕರಿಸುವಾಗ ಇಬ್ಬರಿಗೂ ಸೇರಿ 6,210 ಪೌಂಡನ್ನು ಒಂದೇ ಏಟಿಗೆ ಕಟ್ಟಿದ್ದೆವು.

ಅತ್ತೆಯವರು ‘ನಾನೇ ಬಂದು ಆರು ತಿಂಗಳು ಇರ್ತೀನಿ’ ಎಂದರು. ಎಪ್ಪತ್ತೈದು ದಾಟಿದ ಜೀವ. ಪ್ರವಾಸಿ ವೀಸಾದಲ್ಲಿ ಬಂದವರು ಆಸ್ಪತ್ರೆಯಲ್ಲಿ ಮಲಗಿದರೆ ಮಾಮೂಲಿ ದರದ ಒಂದೂವರೆ ಪಟ್ಟು ಕಟ್ಟಬೇಕು. ಬೇಡವೆಂದೆವು. ಅವರು ಅತ್ತರು.

ಕಣ್ಣು ತೆರೆಸಿದ್ದು ಒಂದು ಫೋನ್ ಕರೆ. ಬ್ರಿಟನ್ನಿನಲ್ಲಿ 1939ರಿಂದ ಇರುವ ಬ್ರಿಟಿಷ್ ಪೋಲಿಯೋ ಫೆಲೋಶಿಪ್ ಎಂಬ ಸಂಸ್ಥೆಗೆ ಹಿಂಜರಿಯುತ್ತಲೇ ಫೋನು ಮಾಡಿದೆ. ಅತ್ತ ಕಡೆಯ ಹೆಂಗಸು ಕೇಳಿದ ಮೊದಲ ಪ್ರಶ್ನೆಯೇ ‘ಅರಿವಳಿಕೆ ಕೊಡುವ ವೈದ್ಯರಿಗೆ ಪೋಲಿಯೋ ವಿಷಯ ಗೊತ್ತೇ?’ ಗೊತ್ತಿರಲಿಲ್ಲ. ಫಾರಮ್ಮಿನಲ್ಲಿ ‘ಊರುಗೋಲು ಬಳಸುತ್ತಾರೆ’ ಎಂದಷ್ಟೇ ಇತ್ತು. ಪೋಲಿಯೋ ಆದವರಿಗೆ ಸ್ನಾಯು ಸಡಿಲಿಸುವ ಔಷಧ ಹೆಚ್ಚು ಹೊತ್ತು ಹಿಡಿದುಕೊಳ್ಳಬಹುದು. ಅವರಿಗೆ ಚಳಿ ತಡೆಯುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಭುಜದ ಶಸ್ತ್ರಚಿಕಿತ್ಸೆಗೆ ಕತ್ತಿನ ಬಳಿ ಚುಚ್ಚಿ ನರ ಮರಗಟ್ಟಿಸುವಾಗ ಆ ಬದಿಯ ವಪೆಯ, ಅಂದರೆ ಉಸಿರಾಟದ ಸ್ನಾಯುವಿನ, ನರವೂ ಕೆಲವು ಗಂಟೆ ಮರಗಟ್ಟುವುದುಂಟು. ಗಟ್ಟಿಮುಟ್ಟಾದವರಿಗೆ ಅದು ತಿಳಿಯುವುದೂ ಇಲ್ಲ, ಉಸಿರಾಟದ ಸ್ನಾಯು ಮೊದಲೇ ಸೊರಗಿದ್ದವರಿಗೆ ಅಪಾಯ. ಮರುದಿನವೇ ಆಸ್ಪತ್ರೆಗೆ ಪತ್ರ ಬರೆದೆವು. ಅರಿವಳಿಕೆ ವೈದ್ಯರು ಕರೆಸಿ, ಉಸಿರಿನ ಪರೀಕ್ಷೆ ಮಾಡಿಸಿ, ಚುಚ್ಚುವ ವಿಧಾನವನ್ನೇ ಬದಲಿಸಿದರು. ಎರಡು ರಾತ್ರಿ ಆಸ್ಪತ್ರೆಯಲ್ಲೇ ಇರಬೇಕೆಂದರು. ದಿನಾಂಕ ಮೂರು ವಾರ ಮುಂದಕ್ಕೆ ಹೋಯಿತು. ಅದು ನನ್ನ ‘ನಾನಿದ್ದೀನಿ’ಯ ಬೆಲೆ.

ಪತ್ರ ಬರೆಯುವಾಗ ಕಲಿತದ್ದು ಬಹಳ. ‘ಅವರಿಗೆ ತುಂಬಾ ಕಷ್ಟವಾಗುತ್ತದೆ, ದಯವಿಟ್ಟು ಸಹಾಯ ಮಾಡಿ’ ಎಂದು ಮೊದಲು ಬರೆದಿದ್ದೆ. ನಮ್ಮವರು ಅದನ್ನು ಹೊಡೆದುಹಾಕಿ ತಾವೇ ಬರೆದರು: ‘ಎರಡು ಕೈಯ ಆಸರೆಯಿಲ್ಲದೆ ನಾನು ಕುರ್ಚಿಯಿಂದ ಏಳಲಾರೆ. ಒಂದು ಕೈಯಲ್ಲಿ ಗಾಲಿಕುರ್ಚಿ ತಳ್ಳಿದರೆ ಅದು ಇದ್ದಲ್ಲೇ ಸುತ್ತುತ್ತದೆ. ದಿನಕ್ಕೆ ಆರು ಸಲ ಶೌಚಕ್ಕೆ ಹೋಗಬೇಕು, ಬಚ್ಚಲಿಗೆ ಹದಿಮೂರು ಮೆಟ್ಟಿಲು.’ ಕೆಳಗೆ 2010ರ ಈಕ್ವಾಲಿಟಿ ಆಕ್ಟ್ ಹೆಸರು ಹೇಳಿ, ಅದರನ್ವಯ ತಕ್ಕ ಹೊಂದಾಣಿಕೆ ಮಾಡಿಕೊಡಬೇಕೆಂದು ಸೇರಿಸಿದರು. ಉತ್ತರ ನಾಲ್ಕೇ ದಿನದಲ್ಲಿ ಬಂತು.

ಆಮೇಲೆ ಮನೆಗೆ ಬಂದವರು ಆಕ್ಯುಪೇಶನಲ್ ಥೆರಪಿಸ್ಟ್, ಕೈಯಲ್ಲೊಂದು ಟೇಪು. ಕುರ್ಚಿಯ ಎತ್ತರ, ಹಾಸಿಗೆಯ ಎತ್ತರ, ಬಾಗಿಲಿನ ಅಗಲ ಎಲ್ಲವನ್ನೂ ಅಳೆದರು. ಮಂಚ ಕೆಳಗಿನ ಕೋಣೆಗೆ ಇಳಿಯಿತು, ಪಕ್ಕಕ್ಕೆ ಕಮೋಡ್ ಕುರ್ಚಿ ಬಂತು. ಹೊರಡುವ ಮುಂಚೆ ಆಕೆ ‘ಇನ್ನೇನಾದರೂ ಇದೆಯೇ?’ ಎಂದಾಗ ನಾಚಿಕೆ ಬಿಟ್ಟು ಹೇಳಿದೆ, ನಾವು ಕಾಗದವಲ್ಲ, ನೀರು ಬಳಸುವವರು, ಚೊಂಬು ಹಿಡಿಯುವ ಕೈಯೇ ಜೋಲಿಯಲ್ಲಿರುತ್ತದೆ. ಆಕೆ ಮುಖ ಸಿಂಡರಿಸಲಿಲ್ಲ, ನಗಲಿಲ್ಲ. ಕೂತು ಯೋಚಿಸಿ, ಎಡಗೈಯಲ್ಲಿ ಒತ್ತುವ ಉದ್ದ ಮೂತಿಯ ಬಾಟಲಿ ಸೂಚಿಸಿದರು. ಆ ಹದಿನೈದು ಪೌಂಡಿನ ಬಾಟಲಿ ಇವರ ಮಾನ ಕಾಯಿತು.

ಶಸ್ತ್ರಚಿಕಿತ್ಸೆಯ ನಂತರ ಚೇತರಿಕೆಗೆ ಕೊಡುವ ರಿಏಬಲ್‌ಮೆಂಟ್ ಆರೈಕೆ ಇಂಗ್ಲೆಂಡಿನಲ್ಲಿ ಆರು ವಾರದವರೆಗೆ ಉಚಿತ. ಬೆಳಗ್ಗೆ ಇಬ್ಬರು ಬಂದು ಎಬ್ಬಿಸಿ, ಮೈ ಒರೆಸಿ, ಬಟ್ಟೆ ಹಾಕಿ ಕೂರಿಸುತ್ತಿದ್ದರು. ಮೊದಲ ದಿನ ನಮ್ಮವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡೇ ಇದ್ದರು. ವಾರ ಕಳೆಯುವಷ್ಟರಲ್ಲಿ ಅವರಲ್ಲೊಬ್ಬರಿಗೆ ಫಿಲ್ಟರ್ ಕಾಫಿಯ ರುಚಿ ಹತ್ತಿಸಿದ್ದರು. ಆರೈಕೆ ಮಾಡುವವರ ಅಗತ್ಯಗಳನ್ನೂ ಕೌನ್ಸಿಲ್ ಬೇರೆಯಾಗಿ ಅಳೆಯಬೇಕೆಂದು ಕೇರ್ ಆಕ್ಟ್ ಹೇಳುತ್ತದೆ. ‘ನೀವು ರಾತ್ರಿ ಎಷ್ಟು ಗಂಟೆ ಮಲಗುತ್ತೀರಿ?’ ಎಂದು ಕೌನ್ಸಿಲ್ಲಿನವರು ನನ್ನನ್ನು ಕೇಳಿದಾಗ ಗಂಟಲು ಕಟ್ಟಿತು.

ನಮ್ಮ ಕನ್ನಡದ ಬಳಗ ಕೈಬಿಡಲಿಲ್ಲ. ಮೊದಲ ವಾರ ಪ್ರತಿಯೊಬ್ಬರೂ ಬಿಸಿಬೇಳೆ ಬಾತ್ ತಂದರು, ಫ್ರಿಜ್ಜಿನಲ್ಲಿ ಜಾಗವಿರಲಿಲ್ಲ. ಎರಡನೇ ವಾರ ಯಾರೂ ಇಲ್ಲ. ‘ಏನಾದ್ರೂ ಬೇಕಾದ್ರೆ ಹೇಳಿ’ ಎನ್ನುವವರಿಗೆ ಏನು ಹೇಳಬೇಕೆಂದೇ ತಿಳಿಯುತ್ತಿರಲಿಲ್ಲ. ಕೊನೆಗೆ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಅದರ ಫೋಟೋ ಕಳಿಸಿದೆ: ಮಂಗಳವಾರ ಸಂಜೆ ಆರರಿಂದ ಎಂಟು ಇವರ ಜೊತೆ ಕೂರುವವರು ಬೇಕು, ಶುಕ್ರವಾರ ಫಿಜಿಯೋಥೆರಪಿಗೆ ಕಾರು ಬೇಕು, ಭಾನುವಾರ ಕಸದ ಡಬ್ಬಿ ಹೊರಗಿಡಬೇಕು. ಅರ್ಧ ಗಂಟೆಯಲ್ಲಿ ಹಾಳೆ ಭರ್ತಿಯಾಯಿತು.

ಹೊಲಿದ ಸ್ನಾಯು ಕೂಡಿಕೊಂಡು ಭಾರ ತಡೆಯಲು ಆರು ತಿಂಗಳು ಹಿಡಿಯಿತು. ಈಗ ಇವರು ಮತ್ತೆ ಊರುಗೋಲಿನ ಮೇಲೆ ನಿಲ್ಲುತ್ತಾರೆ. ದೂರದ ಓಡಾಟಕ್ಕೆ ಮೋಟಾರು ಕುರ್ಚಿ ಬೇಕೆಂದು ತಾವೇ ಅರ್ಜಿ ಹಾಕಿದ್ದಾರೆ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವರು ಅಂಥದ್ದೊಂದನ್ನು ಕೇಳಿದ್ದು ಇದೇ ಮೊದಲು.

ಕಳೆದ ತಿಂಗಳು ಹುಬ್ಬಳ್ಳಿ ಕಡೆಯ ಹೆಣ್ಣುಮಗಳೊಬ್ಬಳು ಫೋನು ಮಾಡಿದಳು. ಪೋಲಿಯೋ ಆದ ಅಣ್ಣನಿಗೆ ಮಂಡಿ ಶಸ್ತ್ರಚಿಕಿತ್ಸೆ, ಮುಂದಿನ ವಾರ ತಪಾಸಣೆ, ಏನು ಕೇಳಬೇಕೆಂದು ಗೊತ್ತಿಲ್ಲ. ಮನೆಯಲ್ಲಿ ಅಳತೆ ಟೇಪು ಇದೆಯೇ ಎಂದೆ. ಇದೆಯಂತೆ. ಕಮೋಡಿನ ಎತ್ತರ ಅಳೆದು ಬಾ, ಆಮೇಲೆ ಮೆಟ್ಟಿಲು ಎಣಿಸು ಎಂದೆ. ಫೋನನ್ನು ಎಲ್ಲೋ ಇಟ್ಟು ಓಡಿದ ಸದ್ದು, ಬಾಗಿಲು ತೆರೆದ ಸದ್ದು. ಸ್ವಲ್ಪ ಹೊತ್ತಿಗೆ ದೂರದಿಂದ ಕೂಗು ಕೇಳಿಸಿತು: ‘ಅಕ್ಕಾ, ನಲವತ್ತು ಸೆಂಟಿಮೀಟರ್! ಬರಕೋರಿ!’